ಒಂದು ಲೋಟ ನೀರಿನಷ್ಟು ಹೊತ್ತು

ನನಗೆ ಎದೆಬಡಿತ ಕೇಳಿಸುವುದಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಡಾಕ್ಟರಿಕೆ ಕಲಿಯಲು ವಾರ್ಡಿಗೆ ಕಾಲಿಟ್ಟು ಇನ್ನೂ ತಿಂಗಳಾಗಿರಲಿಲ್ಲ. ಓದು ಬಿಟ್ಟು ಬರುತ್ತೇನೆಂದು ಅಪ್ಪನಿಗೆ ಹೇಳುವ ಮಾತನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದೆ.

ನಮಗೆ ಕಲಿಸುತ್ತಿದ್ದ ರೆಸಿಡೆಂಟ್ ಡಾಕ್ಟರಿಗೆ ನಾವಿಟ್ಟ ಹೆಸರು ರೇಡಿಯೋ. ಅಕ್ಕನಂಥವಳು, ಒಳ್ಳೆಯವಳು, ಆದರೆ ಬಾಯಿಗೆ ಬೀಗವಿಲ್ಲ. ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ಕಲಿಸುವುದಕ್ಕೆಂದೇ ಮಾಡಿದ ಒಂದು ಸ್ಟೆತಾಸ್ಕೋಪ್ ಅವಳ ಬಳಿ ಇತ್ತು. ಎದೆಗಿಡುವ ಬಿಲ್ಲೆ ಒಂದೇ, ಕಿವಿಗಿಡುವ ಕೊಳವೆಗಳು ಎರಡು ಜೊತೆ. ಒಂದು ಅವಳಿಗೆ, ಇನ್ನೊಂದು ಸ್ವಂತದ್ದನ್ನು ಇನ್ನೂ ಕೊಳ್ಳದ ನಮ್ಮಂಥ ಕಲಿಯುವವರಿಗೆ. "ಲಬ್ ಆದ್ಮೇಲೆ ಸುಯ್ ಅಂತ ಬರತ್ತೆ, ಕೇಳಿಸ್ತಲ್ಲ? ಹಾಂ, ಅದೇ," ಎನ್ನುತ್ತ ಮುಂದಿನ ಮಂಚಕ್ಕೆ ಹೊರಟೇಬಿಡುತ್ತಿದ್ದಳು. ಎಲ್ಲರೂ "ಕೇಳಿಸ್ತು" ಎನ್ನುತ್ತಿದ್ದರು. ನಾನೂ ಕೋಲೆ ಬಸವನ ಹಾಗೆ ತಲೆಯಾಡಿಸುತ್ತಿದ್ದೆ.

ನನಗೆ ಕೇಳಿಸುತ್ತಿದ್ದುದು ಗುಂಯ್ ಎನ್ನುವ ಒಂದು ದೂರದ ಸದ್ದು ಮಾತ್ರ. ಮಧ್ಯಾಹ್ನ, ವಾರ್ಡಿನ ಪರದೆಗಳು ಮೆಲ್ಲಗೆ ಉಬ್ಬಿ ಇಳಿಯುವಾಗ ಆ ಕೊಳವೆ ಕಿವಿಗಿಟ್ಟರೆ ನೀರಿನ ತಳದಲ್ಲಿ ಕೂತ ಹಾಗಾಗುತ್ತಿತ್ತು. ಮಂಚಗಳು, ಬಿಳಿ ಕೋಟುಗಳು, ರೇಡಿಯೋಳ ಅಲ್ಲಾಡುವ ತುಟಿಗಳು, ಎಲ್ಲ ತೇಲುತ್ತಿದ್ದವು. ಸುಳ್ಳೇಕೆ, ಸುಖವಾಗಿರುತ್ತಿತ್ತು. ಕೊಳವೆ ತೆಗೆದ ಕೂಡಲೇ ನಾಚಿಕೆಯಾಗುತ್ತಿತ್ತು.

ಆ ವಾರ ರೆಸಿಡೆಂಟರಿಗೆ ಕಲಿಸುವುದನ್ನು ಕಲಿಸಲು ಒಬ್ಬ ವಯಸ್ಸಾದ ಡಾಕ್ಟರಮ್ಮ ಬಂದರು. ಕಾಯಿಲೆ ವಾಸಿಮಾಡುವುದು ಬಂದರೆ ಪಾಠ ಹೇಳುವುದೂ ತಾನಾಗಿ ಬರುತ್ತದೆ ಎಂದುಕೊಂಡಿದ್ದವರಿಗೆ ಅವರು ಕೊಟ್ಟ ಪಥ್ಯ ಒಂದೇ: ಪ್ರಶ್ನೆ ಕೇಳಿದ ಮೇಲೆ ಒಂದು ಲೋಟ ನೀರು ಕುಡಿಯಬೇಕು, ಲೋಟ ಖಾಲಿಯಾಗುವವರೆಗೆ ಮಾತಾಡಕೂಡದು.

ಮರುದಿನ ರೇಡಿಯೋ ಲೋಟ ಹಿಡಿದೇ ವಾರ್ಡಿಗೆ ಬಂದಳು. ಹಿಂದೆಯೇ ಬಂದ ಡಾಕ್ಟರಮ್ಮ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು. ಕಿಟಕಿ ಪಕ್ಕದ ಮಂಚದಲ್ಲಿದ್ದ ದರ್ಜಿ ತಾತ ಅಂಗಿಯ ಗುಂಡಿ ಬಿಚ್ಚಿದ. "ಬನ್ನಿ, ನನ್ನ ಎದೆ ಊರ ಬಾವಿ ಇದ್ದ ಹಾಗೆ. ಬಂದೋರೆಲ್ಲ ಬಗ್ಗಿ ನೋಡಿ."

ಸರದಿ ನನ್ನಿಂದಲೇ ಶುರುವಾಯಿತು. ರೇಡಿಯೋ ಬಿಲ್ಲೆಯನ್ನು ತಾತನ ಎದೆಗಿಟ್ಟಳು. "ಏನು ಕೇಳಿಸ್ತಿದೆ, ಹೇಳು," ಎಂದು ಲೋಟ ಎತ್ತಿದಳು.

ತಲೆಯಾಡಿಸಿ ಪಾರಾಗುವ ಪ್ರಶ್ನೆಯಲ್ಲ ಅದು. ಅವಳು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ನನ್ನ ಕಿವಿಯಲ್ಲಿ ಅದೇ ಗುಂಯ್. ಪರದೆ ಉಬ್ಬಿತು, ಇಳಿಯಿತು. ಹಿಂದೆಂದೂ ಯಾರೂ ನನ್ನ ಉತ್ತರಕ್ಕೆ ಅಷ್ಟು ಹೊತ್ತು ಕಾದಿರಲಿಲ್ಲ.

"ಏನೂ ಇಲ್ಲ ಅಕ್ಕ," ಎಂದೆ. "ಒಂದು ದಿನವೂ ಕೇಳಿಸಿಲ್ಲ. ನನಗೆ ಈ ವಿದ್ಯೆ ಹತ್ತಲ್ಲ, ಬಿಟ್ಟುಬಿಡ್ತೀನಿ."

ಲೋಟದಲ್ಲಿ ಇನ್ನೂ ನೀರಿತ್ತು. ಅವಳ ಬಾಯಿ ತೆರೆಯಿತು; ಡಾಕ್ಟರಮ್ಮನ ಒಂದು ಕಣ್ಣೂ ತೆರೆಯಿತು. ರೇಡಿಯೋ ಉಳಿದ ನೀರನ್ನೂ ಕುಡಿದಳು. ಆಮೇಲೆ ಮಾತಿಲ್ಲದೆ ತನ್ನ ಕೊಳವೆಗಳನ್ನು ನನ್ನ ಕಿವಿಗಿಟ್ಟು, ನನ್ನವನ್ನು ತಾನು ಹಾಕಿಕೊಂಡಳು.

ನಾನು ಬೆಚ್ಚಿಬಿದ್ದೆ. ಯಾರೋ ಒಳಗಿನಿಂದ ಬಾಗಿಲು ಬಡಿಯುತ್ತಿದ್ದರು. ಲಬ್, ಅದರ ಬೆನ್ನಿಗೇ ಉದ್ದನೆಯ ಸುಯ್. ಎದುರಿಗೆ ರೇಡಿಯೋಳ ಮುಖ ಪೆಚ್ಚಾಗಿತ್ತು. "ಇಷ್ಟು ದಿನ ನಿಮಗೆಲ್ಲ ಇದನ್ನಾ ನಾನು ಕೇಳಿಸಿದ್ದು?" ಎಂದಳು.

ಕೊಳವೆಯ ಕೀಲು ತಿರುಗಿಸಿದಾಗ ಒಳಗೆ ಹತ್ತಿಯ ಉಂಡೆಯೊಂದು ಸಿಕ್ಕಿತು, ಎಂದೋ ಸ್ಪಿರಿಟ್ಟಿನಲ್ಲಿ ಒರೆಸುವಾಗ ಉಳಿದದ್ದು. ನನ್ನ ಜೊತೆಯವರೆಲ್ಲ ಸೂರು ನೋಡಿದರು. ದಿನಾ ಎಲ್ಲರಿಗಿಂತ ಜೋರಾಗಿ "ಕೇಳಿಸ್ತು" ಎನ್ನುತ್ತಿದ್ದವನು ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದ.

"ಹೇಗಿದೆಯಮ್ಮ ಸದ್ದು?" ತಾತ ಕೇಳಿದ.

"ಮೆತ್ತಗೆ ಬಟ್ಟೆ ಹರಿದ ಹಾಗಿದೆ ತಾತ."

"ಜೀವಮಾನವೆಲ್ಲ ಹೊಲಿದವನ ಎದೇಲಿ ಹರಿಯೋ ಸದ್ದಾ? ಕೊಡಿ ಇಲ್ಲಿ."

ರೇಡಿಯೋ ಶುಚಿ ಮಾಡಿದ ಕೊಳವೆಗಳನ್ನು ತಾತನ ಕಿವಿಗಿಟ್ಟಳು. ಒಂದೇ ಎದೆಗೆ ಈಗ ನಾನೂ ಅವನೂ ಕಿವಿಗೊಟ್ಟಿದ್ದೆವು. "ಆ ಹರಿಯೋ ಸದ್ದು ಯಾವುದು ಇದರಲ್ಲಿ?" ಎಂದ.

ಗೊತ್ತಿದ್ದುದನ್ನೆಲ್ಲ ಹೇಳಿಬಿಡಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ರೇಡಿಯೋ ಲೋಟ ತುಂಬಿಸಿ ನನ್ನ ಕೈಗಿಟ್ಟಳು.

ನಿಧಾನವಾಗಿ ಕುಡಿದೆ. ಅಪ್ಪನಿಗೆ ಹೇಳಲೆಂದು ತೀಡಿಟ್ಟಿದ್ದ ಮಾತೂ ನೀರಿನ ಜೊತೆ ಒಳಗಿಳಿಯಿತು. ತಾತ ಕಣ್ಣು ಮುಚ್ಚಿದ್ದ. ಅವನ ಬೆರಳು ಹೊದಿಕೆಯ ಅಂಚಿನ ಮೇಲೆ ಹೊಲಿಗೆ ಹಾಕುತ್ತಿರುವಂತೆ ಸರಿಯುತ್ತಿತ್ತು. ಲೋಟದಲ್ಲಿ ಇನ್ನೊಂದು ಗುಟುಕು ಇರುವಾಗ ಬೆರಳು ನಿಂತಿತು.

"ಹಾಂ," ಎಂದ, "ಸಿಕ್ತು."