ನಾಲ್ಕಡಿ ಹತ್ತಿಂಚು

"ಕೇರೀಲಿ ಗಂಡಸ್ರೆಲ್ಲ ಸತ್ತೋದ್ರೇನೇ? ಮುಂಡೆ, ನೀನೊಬ್ಳೇ ಬಂದಿದೀಯಲ್ಲ!"

ಈರಭದ್ರಪ್ಪ ಹೀಗೆ ಕೂಗುತ್ತಿದ್ದಂತೆ ದುರ್ಗಮ್ಮ ಬದು ದಾಟಿ ಬಂದು ನಿಂತಳು. ಹೊಲೆಗೇರಿಯ ಸ್ಮಶಾನ ಅಳೆಯುವ ದಿನ ಅದು. ಪಹಣಿಯಲ್ಲಿ ಅದು ಇಪ್ಪತ್ತು ಗುಂಟೆ. ಈರಭದ್ರಪ್ಪನ ಈರುಳ್ಳಿ ಹೊಲ ವರ್ಷಕ್ಕಿಷ್ಟು ಅದರೊಳಗೆ ನುಗ್ಗಿ, ಈ ಮುಂಗಾರಿನಲ್ಲಿ, ಮೂರು ವರ್ಷದ ಹಿಂದೆ ಅವಳ ಗಂಡ ಹಾಲೇಶನನ್ನು ಹೂತ ಜಾಗವನ್ನೂ ನುಂಗಿತ್ತು. ಅರ್ಜಿ ಕೊಟ್ಟವಳು ಅವಳೊಬ್ಬಳೇ. ಕೇರಿಯ ನಲವತ್ತು ಮನೆಗೂ ಅವನ ಹೊಲದಲ್ಲೇ ಕೂಲಿ. ಬೆಳಿಗ್ಗೆ ಮನೆಮನೆಗೆ ಹೋಗಿ ಕರೆದಿದ್ದಳು. ಹಾಲೇಶನ ಒಡಹುಟ್ಟಿದ ತಮ್ಮನೇ ಒಳಗಿಂದ ಚಿಲಕ ಹಾಕಿಕೊಂಡಿದ್ದ.

ಕಡೂರಿನಿಂದ ಬಂದ ಸರ್ವೆಯವನ ಹೆಸರು ಪ್ರದ್ಯುಮ್ನ. ಡ್ರೋನ್ ಹಾರಿಸಿ ಮೇಲಿನಿಂದ ತೆಗೆದ ಫೋಟೋವನ್ನು ಲ್ಯಾಪ್‌ಟಾಪಿನಲ್ಲಿ ತೆರೆದಿದ್ದ.

"ಇದ್ರಲ್ಲಿ ಯಾವುದಾದ್ರೂ ಒಂದರ ಅಳತೆ ಸರಿಯಾಗಿ ಗೊತ್ತಿರಬೇಕು. ಅದನ್ನ ಹಾಕಿದ್ರೆ ಉಳಿದಿದ್ದನ್ನೆಲ್ಲ ಕಂಪ್ಯೂಟರ್ ಹೇಳುತ್ತೆ."

"ನಮ್ಮ ಪಂಪ್‌ಹೌಸ್ ಐತಲ್ಲ ಸಾರ್. ಗೋಡೆ ಇಪ್ಪತ್ತಡಿ," ಅಂದ ಈರಭದ್ರಪ್ಪ.

ಪ್ರದ್ಯುಮ್ನ ಗೋಡೆಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆದು ಇಪ್ಪತ್ತು ಎಂದು ಒತ್ತಿದ. ಆಮೇಲೆ ಸ್ಮಶಾನದಲ್ಲಿ ಉಳಿದಿದ್ದ ಜಾಗದ ಸುತ್ತ ಗೆರೆ ಎಳೆದ.

"ಇಪ್ಪತ್ತು ಗುಂಟೆ. ಸರಿಯಾಗೇ ಇದೆಯಲ್ಲ."

"ಸಾಮಿ, ಆ ಗೋಡೆ ಹದಿನಾರೇ ಅಡಿ," ದುರ್ಗಮ್ಮ ಮುಂದೆ ಬಂದಳು. "ಪಾಯದಿಂದ ಗಾರೆ ಹೊತ್ತೋಳು ನಾನು. ದಾರ ಹಿಡ್ದು ಮೇಸ್ತ್ರಿ ಕೂಗಿದ್ದು ಇನ್ನೂ ಕಿವೀಲೈತೆ."

"ಗಾರೆ ಹೊತ್ತೋಳು ಅಳತೆ ಹೇಳ್ತಾಳೆ! ಕಟ್ಸಿದ್ದು ನಾನು ಕಣೇ, ಬೇವರ್ಸಿ!"

ಡ್ರೋನ್ ಇದೆಯೆಂದು ಪ್ರದ್ಯುಮ್ನ ಟೇಪು ತಂದಿರಲಿಲ್ಲ. ಪಂಪ್‌ಹೌಸಿನ ಹತ್ತಿರ ಹೋಗಿ ಹೆಜ್ಜೆ ಹಾಕಿಯಾದರೂ ನೋಡೋಣವೆಂದರೆ ಅದರ ಬೇಲಿ ಗೇಟಿಗೆ ಬೀಗ. ಬೀಗದ ಕೈ ಮಗನ ಜೊತೆ ಬೀರೂರಿಗೆ ಹೋಗಿದೆ ಎಂದ ಈರಭದ್ರಪ್ಪ.

"ಬೇರೆ ಏನಾದ್ರೂ ಇದ್ಯಾ ಅಮ್ಮ, ಅಳತೆ ಗೊತ್ತಿರೋದು?"

ದುರ್ಗಮ್ಮ ಸುತ್ತ ನೋಡಿದಳು. ಅಲ್ಲಿ ಅವಳ ಕಡೆಯದು ಎನ್ನುವಂಥದ್ದು ಏನೂ ಇರಲಿಲ್ಲ. ಸೊಂಟದ ಎಲೆಅಡಿಕೆ ಚೀಲದಿಂದ ಮಡಿಚಿದ ಆಸ್ಪತ್ರೆ ಚೀಟಿ ತೆಗೆದು ಕೊಟ್ಟಳು.

"ಮೊನ್ನೆ ನನ್ನ ಗೋಡೆಗೆ ನಿಲ್ಸಿ ಎತ್ತರ ಅಳ್ದು ಬರ್ದವ್ರೆ. ನಾಲ್ಕಡಿ ಹತ್ತಿಂಚಂತೆ. ನಾನು ಮಲಕ್ಕಂತೀನಿ, ಇನ್ನೊಂದು ಪೋಟ ಹಿಡೀರಿ."

ಚೀಟಿಯಲ್ಲಿ ನೂರ ನಲವತ್ತೇಳು ಸೆಂಟಿಮೀಟರ್ ಎಂದಿತ್ತು. ಪ್ರದ್ಯುಮ್ನ ಓದುವಷ್ಟರಲ್ಲಿ ಅವಳು ಈರುಳ್ಳಿ ಪಾತಿಯೊಳಗೆ ನಡೆದುಬಿಟ್ಟಿದ್ದಳು. ಹಾಲೇಶನ ತಲೆದೆಸೆಗೆ ಇಟ್ಟಿದ್ದ ಕಲ್ಲನ್ನು ಯಾರೋ ಕಿತ್ತು ಬದುವಿಗೆ ಎಸೆದಿದ್ದರು. ಕಲ್ಲಿಲ್ಲದಿದ್ದರೂ ಜಾಗ ಅವಳಿಗೆ ಗೊತ್ತಿತ್ತು. ಸೀರೆಯನ್ನು ಕಾಲಿಗೆ ಸುತ್ತಿಕೊಂಡು ನೆಟ್ಟಗೆ ಮಲಗಿದಳು. ಮಣ್ಣು ತಣ್ಣಗಿತ್ತು. ಮೂರು ವರ್ಷದ ಮೇಲೆ ಅವನ ಪಕ್ಕ ಮಲಗಿದ್ದಳು.

"ಏಳೇ ಸೂಳೆ! ಪೈರು ಮೈಲಿಗೆ ಮಾಡ್ತೀಯಾ?"

"ಈ ಪೈರು ನಾಟಿ ಹಾಕಿದ್ದೂ ನಾನೇ ಗೌಡ್ರೆ."

ಡ್ರೋನ್ ಜೇನ್ನೊಣದಂತೆ ಗುಂಯ್‌ಗುಡುತ್ತಾ ಮೇಲೇರಿತು. ಅವಳು ಕಣ್ಣು ಮುಚ್ಚಲಿಲ್ಲ.

ಹೊಸ ಫೋಟೋದಲ್ಲಿ ಪ್ರದ್ಯುಮ್ನ ಅವಳ ನೆತ್ತಿಯಿಂದ ಹಿಮ್ಮಡಿಗೆ ಗೆರೆ ಎಳೆದ. ಪಂಪ್‌ಹೌಸಿನ ಗೋಡೆ ಹದಿನಾರಡಿಗೆ ಇಳಿಯಿತು. ಸ್ಮಶಾನ ಹದಿಮೂರು ಗುಂಟೆಯಾಯಿತು.

"ಮೊದಲ್ನೇ ಲೆಕ್ಕಾನೇ ಕಳ್ಸಿ ಸಾರ್," ಈರಭದ್ರಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ನಿಮ್ಮ ಮೇಲಿನೋರು ನಮಗೆ ಬೇಕಾದೋರೇ."

"ಎರಡನ್ನೂ ಕಳಿಸ್ತೀನಿ," ಅಂದ ಪ್ರದ್ಯುಮ್ನ. ದನಿ ಸಣ್ಣಗಿತ್ತು. ಕಾಗದ ತೆಗೆದು, "ಈ ಎರಡನೇ ಅಳತೆಗೆ ಸಾಕ್ಷಿಯಾಗಿ ಇಬ್ಬರ ಸಹಿ ಬೇಕು ಅಮ್ಮ. ಒಬ್ಬರದಾದ್ರೆ ನಿಲ್ಲಲ್ಲ," ಎಂದ.

ಕೇರಿಯ ಹಿತ್ತಿಲಲ್ಲಿ ನಾಲ್ಕೈದು ತಲೆಗಳು ಕಾಣುತ್ತಿದ್ದವು. ದುರ್ಗಮ್ಮ ಕೈಯೆತ್ತಿ ಕರೆದಳು. ತಲೆಗಳು ಒಂದೊಂದಾಗಿ ಮರೆಯಾದವು. ಅವಳು ಅಕ್ಷರ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಕೆಳಗಿನ ಗೆರೆ ಖಾಲಿ ಉಳಿಯಿತು.

ಪ್ರದ್ಯುಮ್ನನ ಬೈಕು ದೇವನೂರು ರಸ್ತೆ ಹತ್ತಿದ ಮೇಲೆ ಈರಭದ್ರಪ್ಪನ ಟ್ರ್ಯಾಕ್ಟರು ಬಂತು. ತುಂಬಾ ಕಲ್ಲುಕಂಬ, ತಂತಿ ಸುರುಳಿ. ಅವುಗಳ ಮೇಲೆ ಹಾರೆ ಹಿಡಿದು ಕೂತಿದ್ದವನು ಅವಳ ಮೈದುನ. ಅವನು ಅತ್ತಿಗೆಯ ಮುಖ ನೋಡಲಿಲ್ಲ.

"ಸಂಜೆ ಒಳಗೆ ಬೇಲಿ ಮುಗೀಬೇಕು ಕಣ್ರೋ," ಈರಭದ್ರಪ್ಪ ಕೂಗಿದ. "ಏ ದುರ್ಗಿ, ಆಚೆ ಹೋಗು. ಬೇಲಿ ಹಾಕ್ತಾರೆ."

"ಹಾಕ್ಲಿ. ನಾನೂ ಒಳಗೇ ಇರ್ತೀನಿ."

ಅವಳು ಪಾತಿಯೊಳಗೆ ಹೋಗಿ ಅದೇ ಜಾಗದಲ್ಲಿ ಕಾಲು ನೀಡಿ ಮಲಗಿದಳು. ಮೊದಲ ಗುಂಡಿಗೆ ಹಾರೆ ಬಿದ್ದ ಏಟು ಅವಳ ಬೆನ್ನಿಗೆ ಮಣ್ಣಿನಿಂದ ಕೇಳಿಸಿತು. ಮೇಲೆ ಆಕಾಶದಲ್ಲಿ ಈಗ ಯಾವ ಕ್ಯಾಮೆರಾವೂ ಇರಲಿಲ್ಲ.