ಮನೆಯವರ ಕೈ

ನನಗೆ ಸಂಬಳ ಕೊಡುವುದೇ ಸಂಶಯ ಪಡುವುದಕ್ಕೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಚೆಕಿಂಗ್ ಟೇಬಲ್‌ನವಳು ನಾನು. ಹೊಲಿದು ಬಂದ ಶರ್ಟನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಕಾಲರ್ ಎಳೆದು, ತೋಳು ತಿರುವಿ, ಎಲ್ಲಿ ತಪ್ಪಿದೆ ಅಂತ ಹುಡುಕುತ್ತೇನೆ. ತಪ್ಪು ಸಿಗದ ದಿನ ನನಗೆ ಸಮಾಧಾನವಿರುವುದಿಲ್ಲ, ಏನೋ ಕಣ್ತಪ್ಪಿ ಹೋಗಿದೆ ಅಂತ ಮನಸ್ಸು ಕೊರೆಯುತ್ತದೆ. ಯಾವ ಹೊಲಿಗೆ ಯಾರ ಕೈಯದ್ದು ಅಂತ ಯಾರನ್ನೂ ಕೇಳದೆ ಹೇಳಬಲ್ಲೆ. ಹೊಲಿಗೆ ಲೈನಿನ ಹುಡುಗಿಯರು ನನ್ನ ಬೆನ್ನ ಹಿಂದೆ 'ಭೂತಗನ್ನಡಿ' ಅನ್ನುತ್ತಾರೆ. ಅದೂ ನನಗೆ ಗೊತ್ತು.

ಇಂಥವಳು ಮಗಳನ್ನು ಸರ್ಕಾರಿ ಕಲಾಶಾಲೆಗೆ ಸೇರಿಸುವಾಗ ಸುಮ್ಮನೆ ಒಪ್ಪಿಕೊಳ್ಳುವುದುಂಟೆ? ಪುಟ್ಟ ಮಕ್ಕಳ ಶಾಲೆ ಅದು. ಬೆಳಿಗ್ಗೆ ಲೆಕ್ಕ, ಭಾಷೆ, ವಿಜ್ಞಾನ. ಊಟವಾದ ಮೇಲೆ ಚಿತ್ರ, ಮಣ್ಣಿನ ಕೆಲಸ, ಹಾಡು, ನಾಟಕ. ಫೀಸು ಇಲ್ಲವೇ ಇಲ್ಲ.

"ಇಷ್ಟೆಲ್ಲ ಪುಕ್ಕಟೆ ಯಾರು ಕೊಡ್ತಾರೆ? ಏನೋ ಮಸಲತ್ತಿರುತ್ತೆ ನೋಡಿ" ಅಂದೆ ಗಂಡನಿಗೆ.

"ಸರ್ಕಾರಾನೂ ಬಿಡಲ್ವಲ್ಲೇ ನೀನು" ಅಂತ ನಕ್ಕರು ಅವರು. ಅವರು ಅಂಗಡಿ ಮುಂಗಟ್ಟುಗಳಿಗೆ ಬೋರ್ಡ್ ಬರೆಯುವ ಪೇಂಟರ್. ಯಾರನ್ನಾದರೂ ನಂಬುವುದರಲ್ಲಿ ಅವರಿಗೆ ಸರಿಸಾಟಿಯಿಲ್ಲ.

ಆದರೆ ಆ ಶಾಲೆ ನನ್ನ ಬಾಯಿ ಮುಚ್ಚಿಸಿತು. ಹಳೆಯ ಶಾಲೆಯಲ್ಲಿ ನಮ್ಮ ಬಟನ್ (ಗುಂಡಿಯಂಥ ಕಣ್ಣು ನೋಡಿ ಅವಳಪ್ಪ ಇಟ್ಟ ಅಡ್ಡಹೆಸರು) ದಿನವಿಡೀ ತುಟಿ ಬಿಚ್ಚುತ್ತಿರಲಿಲ್ಲ. ಲೆಕ್ಕದ ಪುಸ್ತಕದ ಅಂಚಿನಲ್ಲಿ ಚಿತ್ರ ಬರೆದದ್ದಕ್ಕೆ ಏಟು ತಿನ್ನುತ್ತಿದ್ದಳು. ಬುದ್ಧಿ ಮಂದ ಇರಬೇಕು, ಯಾರಿಗಾದರೂ ತೋರಿಸಿ ಅಂದಿದ್ದರು ಅಲ್ಲಿನ ಟೀಚರ್. ಇಲ್ಲಿ ಮಗ್ಗಿಯನ್ನು ಡೋಲು ಬಡಿದು ಕಲಿಸಿದರು. ಭಿನ್ನರಾಶಿಯನ್ನು ಮಣ್ಣಿನ ಉಂಡೆ ಕತ್ತರಿಸಿ ತೋರಿಸಿದರು. ಮಗಳು ಈಗ ತಟ್ಟೆ ತೊಳೆಯುವಾಗಲೂ ತಾಳ ಹಾಕಿಕೊಂಡು ಮಗ್ಗಿ ಹೇಳುತ್ತಾಳೆ, ಬೇಡವೆಂದರೂ ಬಿಡುವುದಿಲ್ಲ. ಆ ಗಲಾಟೆಗೆ ಬೈಯುತ್ತಲೇ ಒಳಗೊಳಗೇ ನಾನು ಹಿಗ್ಗಿಹೋಗಿದ್ದೆ. ಆ ಸೀಟು ಹೋದರೆ ಮಗು ಮತ್ತೆ ಮೂಕಿಯಾಗುತ್ತಾಳೆ ಎಂಬುದೊಂದೇ ನನ್ನ ಹೆದರಿಕೆ.

ಹೀಗೆ ಶಾಲೆಯ ಮೇಲಿನ ಸಂಶಯ ಇಳಿಯಿತು. ಇಳಿದದ್ದು ಸುಮ್ಮನಿರುತ್ತದೆಯೇ? ಹೋಗಿ ಗಂಡನ ಹೆಗಲೇರಿ ಕೂತಿತು.

ಮೊದಲು ಕಣ್ಣಿಗೆ ಬಿದ್ದದ್ದು ಅವರು ಬೋರ್ಡ್ ಬರೆಯುವ ಅಂಗಡಿಯ ಶಟರ್. ಭಾನುವಾರ ತರಕಾರಿ ತರಲು ಆ ಬೀದಿಯಲ್ಲಿ ಹೋದರೆ ಶಟರ್ ಅರ್ಧ ಕೆಳಗಿರುತ್ತಿತ್ತು. ಒಳಗೆ ಅಪ್ಪ ಮಗಳು. ಯಾಕೆ ಅಂದರೆ, "ಹಸಿ ಬಣ್ಣದ ಮೇಲೆ ಧೂಳು ಕೂರುತ್ತೆ ಕಣೇ." ಇಷ್ಟು ವರ್ಷ ಕೂರದ ಧೂಳು ಈಗ ಎಲ್ಲಿಂದ ಬಂತು? ಆಮೇಲೆ ಗಡ್ಡ. ಮದುವೆಯಾದಾಗಿನಿಂದ ಮನೆಯ ಕನ್ನಡಿ ಮುಂದೆ ಗುನುಗುತ್ತಾ ಗಡ್ಡ ಕೆರೆದುಕೊಳ್ಳುತ್ತಿದ್ದ ಮನುಷ್ಯ, ಇದ್ದಕ್ಕಿದ್ದಂತೆ ಕ್ಷೌರದಂಗಡಿಗೆ ಹೋಗತೊಡಗಿದರು. ನುಣ್ಣಗೆ ಮಾಡಿಸಿಕೊಂಡು, ಪೌಡರ್ ಹಾಕಿಸಿಕೊಂಡು ಬರುತ್ತಿದ್ದರು. ಶಾಲೆಗೆ ಹೊಸದಾಗಿ ಬಂದ ಹಾಡಿನ ಟೀಚರ್ ನೋಡಲು ಲಕ್ಷಣವಾಗಿದ್ದಾರೆ ಎಂಬುದು ನನಗೆ ಆಗಲೇ ನೆನಪಾಗಬೇಕೆ? ಟೀ ಕೂಡ ಲೋಟದಲ್ಲಿ ಅರ್ಧವೇ ಹಾಕಿಸಿಕೊಂಡು, ಆಮೇಲೆ ಇನ್ನರ್ಧ ಕೇಳುತ್ತಿದ್ದರು. "ನಾಜೂಕು ಜಾಸ್ತಿಯಾಯ್ತು" ಅಂತ ಕುಟುಕಿದೆ. ಅವರು ನಕ್ಕು, ಇನ್ನರ್ಧ ಕೇಳಿದರು.

ಮಗಳದ್ದು ಇನ್ನೊಂದು ಕಥೆ. ಉಗುರಿನ ಸಂದಿಯಲ್ಲಿ ಕೆಂಪು ಎಣ್ಣೆಬಣ್ಣ, ಜಡೆಯಲ್ಲಿ ಟರ್ಪೆಂಟೈನ್ ವಾಸನೆ. ಶಾಲೆಯಲ್ಲಿ ಕೊಡುವುದು ನೀರಿನಲ್ಲಿ ಹೋಗುವ ಬಣ್ಣ.

"ಏನೇ ಇದು?"

"ಅಪ್ಪನ ಡಬ್ಬ ಮುಟ್ಟಿದ್ದೆ ಅಮ್ಮಾ."

ಉತ್ತರವೇನೋ ಸರಿಯಾಗಿತ್ತು. ಆದರೆ ಹೇಳುವ ಮೊದಲು ಒಂದು ಸಲ ಅಪ್ಪನ ಮುಖ ನೋಡಿದಳು.

ಆ ಶಾಲೆಯಲ್ಲಿ ಒಂದು ಪದ್ಧತಿ ಇದೆ. ಪ್ರತಿ ವಾರದ ಕೊನೆಗೆ, ಹಿಂಬದಿಗೆ ಶಾಲೆಯ ಮುದ್ರೆ ಒತ್ತಿದ ಒಂದು ಹಾಳೆಯನ್ನು ಮಗುವಿನ ಕೈಗೆ ಕೊಟ್ಟು ಕಳಿಸುತ್ತಾರೆ. ಮನೆಯಲ್ಲಿ ಕಂಡದ್ದೇನನ್ನಾದರೂ ಅದರ ಮೇಲೆ ಚಿತ್ರವಾಗಿ ಬರೆದು ತರಬೇಕು. ಅದರ ಮೇಲೆ ಮನೆಯವರ ಕೈ ಬೀಳಬಾರದು. ಬಿದ್ದದ್ದು ಗೊತ್ತಾದರೆ ಮುಂದಿನ ವರ್ಷ ಸೀಟಿಲ್ಲ. ಹಿಂದೆ ಯಾರೋ ಇಂಜಿನಿಯರ್ ಅಪ್ಪ ಮಗನ ಹೆಸರಿನಲ್ಲಿ ಇಡೀ ಸೇತುವೆಯನ್ನೇ ಬರೆದುಕೊಟ್ಟಿದ್ದನಂತೆ, ಕಂಬಿಗಳ ಸಮೇತ.

ಒಂದು ಭಾನುವಾರ ಸಂಜೆ ಮಗಳ ಹಾಳೆ ಮೇಜಿನ ಮೇಲೆ ಒಣಗುತ್ತಿತ್ತು. ನಮ್ಮ ಒಲೆ, ಅದರ ಮೇಲೆ ಪಾತ್ರೆ. ನೋಡಿದವಳು ಹತ್ತಿರಕ್ಕೆ ಬಗ್ಗಿದೆ. ಮಕ್ಕಳ ಗೆರೆ ಹೇಗಿರುತ್ತದೆ ಅಂತ ನನಗೆ ಗೊತ್ತು: ಸ್ವಲ್ಪ ಹೋಗಿ ನಿಂತು, ಧೈರ್ಯ ತಂದುಕೊಂಡು, ಮತ್ತೆ ಸ್ವಲ್ಪ ಹೋಗುತ್ತದೆ. ಈ ಗೆರೆ ಒಂದೇ ಉಸಿರಿನಲ್ಲಿ ಹೊರಟು ಒಂದೇ ಉಸಿರಿನಲ್ಲಿ ಮುಗಿದಿತ್ತು. ತಿರುವಿನ ಕೊನೆಯಲ್ಲಿ ಬರೆದ ಕೈ ಬ್ರಶ್ಶನ್ನು ಬೆರಳ ನಡುವೆ ಹೊರಳಿಸಿ, ಗೆರೆಯನ್ನು ತೆಳ್ಳಗೆ ಮಾಡಿ ಬಿಟ್ಟಿತ್ತು. ಆ ಹೊರಳಿಕೆ ನನ್ನ ಗಂಡನದ್ದು. ಹಿಂದೆ ನಮ್ಮ ಕಾರ್ಖಾನೆಯ ಗೋಡೆಯ ಮೇಲೆ ಇವರು ಹೀಗೆ ಬ್ರಶ್ ಹೊರಳಿಸುವುದನ್ನು ನೋಡುತ್ತಾ ನಿಂತೇ ನಾನು ಕೆಟ್ಟದ್ದು. ಆ ಕೈಯನ್ನು ಕತ್ತಲಲ್ಲೂ ಗುರುತಿಸುತ್ತೇನೆ ಎಂಬ ಜಂಭ ನನಗೆ.

ಗಂಡನನ್ನು ಹಿಡಿದು ನಿಲ್ಲಿಸುವಷ್ಟರಲ್ಲಿ ಶಾಲೆಯಿಂದಲೇ ಕರೆ ಬಂತು. ದೊಡ್ಡ ಮೇಡಂ ಕೋಣೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಮಗಳ ಹಾಳೆಗಳನ್ನು ಸಾಲಾಗಿ ಹರಡಿಕೊಂಡಿದ್ದರು. ಮಗಳು ಬಾಗಿಲ ಬಳಿ ನಿಂತಿದ್ದಳು.

"ಇದು ನಾಲ್ಕನೇ ಕ್ಲಾಸಿನ ಮಗು ಕೈ ಅಲ್ಲಮ್ಮ" ಅಂದರು ಮೇಷ್ಟ್ರು. "ನಮ್ಮ ಗೇಟಿನ ಬೋರ್ಡ್ ಮೊನ್ನೆ ತಾನೇ ನಿಮ್ಮೆಜಮಾನ್ರು ಬರೆದುಕೊಟ್ರಲ್ಲ? ಅದನ್ನ ನೋಡಿ, ಇದನ್ನ ನೋಡಿ. ಎರಡೂ ಒಂದೇ ಕೈ. ಕ್ಲಾಸಲ್ಲಿ ಇವಳು ಹೀಗೆ ಬರೆದದ್ದನ್ನ ನಾನು ಒಂದ್ಸಲಾನೂ ಕಂಡಿಲ್ಲ."

ನಾನು ಮನೆಯಲ್ಲಿ ಹಿಡಿದದ್ದನ್ನೇ ಇವರೂ ಹಿಡಿದಿದ್ದರು. ಬಾಯಿ ಮಾತ್ರ ಸುಮ್ಮನಾಗಲಿಲ್ಲ. "ಕಲಿಸೋರೂ ನೀವೇ, ಕಲಿತ್ರೆ ಕಳ್ಳಿ ಅನ್ನೋರೂ ನೀವೇನಾ ಮೇಷ್ಟ್ರೇ? ಅಪ್ಪನ ಮಗಳು, ಅಪ್ಪನ ಹಾಗೇ ಬರೀತಾಳೆ."

"ಹಾಗಿದ್ರೆ ಒಳ್ಳೇದೇ ಆಯ್ತು" ಅಂದರು ಮೇಡಂ ಮೆತ್ತಗೆ. "ಗುರುವಾರ ನಮ್ಮೆದುರಿಗೇ ಬರೀಲಿ. ಬರೆದ್ರೆ ನಾನೇ ತಪ್ಪೊಪ್ಕೋತೀನಿ. ಇಲ್ಲಾಂದ್ರೆ ಸೀಟು ಬೇರೆ ಮಗೂಗೆ ಕೊಡಬೇಕಾಗುತ್ತೆ. ಕಾಯ್ತಿರೋರು ಬಹಳ ಜನ ಇದ್ದಾರೆ."

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಗಂಡನ ಮುಂದೆ ನಿಂತೆ. ನಡೆದದ್ದನ್ನೆಲ್ಲ ಒದರಿ, "ಆ ಹಾಳೆಗಳನ್ನ ಬರೆದದ್ದು ನೀವು ತಾನೇ?" ಅಂದೆ.

ಜಗಳಕ್ಕೆ ಬರುತ್ತಾರೆ ಅಂದುಕೊಂಡಿದ್ದೆ. ಅವರು ಮಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಹೂಂ. ನಾನೇ ಬರೆದೆ" ಅಂದುಬಿಟ್ಟರು.

"ಅಪ್ಪಾ..." ಅಂದಳು ಮಗಳು.

"ನೀನು ಸುಮ್ನಿರು ಬಟನ್."

"ನಿಮ್ಮ ಕೈಚಳಕ ತೋರಿಸೋಕೆ ಮಗಳ ಹಾಳೇನೇ ಬೇಕಾಗಿತ್ತಾ? ಬೀದಿ ತುಂಬಾ ಬೋರ್ಡ್ ಇದ್ಯಲ್ಲ! ಗುರುವಾರ ಏನ್ ಮಾಡ್ತೀರಿ?"

"ಅವಳು ಬರೀತಾಳೆ ಬಿಡು."

"ನೀವು ಬರೆದದ್ದನ್ನ ಅವಳು ಹೇಗ್ರೀ ಬರೀತಾಳೆ?"

ನಮ್ಮ ಲೈನಿನಲ್ಲಿ ಸಣ್ಣ ತಪ್ಪನ್ನು ಥಟ್ಟನೆ ಒಪ್ಪಿಕೊಳ್ಳುವವಳು ದೊಡ್ಡದೊಂದನ್ನು ಮುಚ್ಚಿಟ್ಟಿರುತ್ತಾಳೆ. ನನಗೆ ಅದು ಆಗ ಹೊಳೆಯಬೇಕಿತ್ತು, ಆದರೆ ಸಿಟ್ಟು ನೆತ್ತಿಗೇರಿತ್ತು. ಗುರುವಾರದವರೆಗೆ ನಾನು ಅವರ ಜೊತೆ ಮಾತಾಡಲಿಲ್ಲ. ಅವರು ಮಗಳಿಗೆ ಪಿಸುಮಾತಿನಲ್ಲಿ ಏನೋ ಹೇಳುವುದು, ಅವಳು ಬೇಡ ಬೇಡ ಅಂತ ತಲೆಯಾಡಿಸುವುದು, ನಾನು ಹೋದ ಕೂಡಲೇ ಇಬ್ಬರೂ ಬಾಯಿ ಮುಚ್ಚುವುದು ನಡೆದೇ ಇತ್ತು. ನನ್ನ ಮನೆಯಲ್ಲೇ ನಾನು ಹೊರಗಿನವಳಾಗಿದ್ದೆ.

ಗುರುವಾರ ನಮ್ಮನ್ನು ಚಿತ್ರದ ಕೋಣೆಗೆ ಕರೆದೊಯ್ದರು. ಮಕ್ಕಳ ಎತ್ತರದ ಮೇಜುಗಳು, ಮೂಲೆಯಲ್ಲಿ ಒದ್ದೆ ಗೋಣಿ ಮುಚ್ಚಿದ ಜೇಡಿಮಣ್ಣು, ಬಣ್ಣ ಹಿಡಿದ ತೊಟ್ಟಿ. ಮೇಷ್ಟ್ರು ಮೇಜಿನ ಮೇಲೆ ಒಂದು ಹೂಜಿ ಇಟ್ಟು, ಮಗಳ ಕೈಗೆ ಬ್ರಶ್ ಕೊಟ್ಟರು. ನನ್ನ ಗಂಡ ಗೋಡೆಗೆ ಒರಗಿ, ಬಲಗೈಯನ್ನು ಈಚೆಗೆ ರೂಢಿಯಾದಂತೆ ಪ್ಯಾಂಟಿನ ಜೇಬಿಗೆ ತುರುಕಿ ನಿಂತರು.

ಮಗಳು ಬರೆಯತೊಡಗಿದಳು. ಗೆರೆ ಒಂಚೂರು ಹೋಗಿ ನಿಂತಿತು. ಮತ್ತೆ ಒಂಚೂರು ಹೋಯಿತು. ಹೂಜಿಯ ಹೊಟ್ಟೆ ಸೊಟ್ಟಗಾಯಿತು. ಮೇಷ್ಟ್ರು ಮೇಡಂ ಮುಖ ನೋಡಿದರು. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಮುಗಿಯಿತು ಸೀಟು, ಅಂದುಕೊಂಡೆ.

ಆದರೂ ಹಾಳು ಕಣ್ಣು ಚೆಕ್ ಮಾಡುವುದನ್ನು ಬಿಡಲಿಲ್ಲ. ಬಾರದವಳು ಹೊಲಿದ ಹೊಲಿಗೆ ಎಲ್ಲೆಂದರಲ್ಲಿ ತಪ್ಪುತ್ತದೆ. ಬರುವವಳು ಯಾರ ಮೇಲೋ ಹಟಕ್ಕೆ ಕೆಡಿಸಿದ ಹೊಲಿಗೆ ಹಾಗಲ್ಲ, ಅದು ಅಳತೆಯಿಟ್ಟು ತಪ್ಪುತ್ತದೆ. ಮಗಳ ಗೆರೆ ಅಳತೆಯಿಟ್ಟು ತುಂಡಾಗುತ್ತಿತ್ತು. ಪ್ರತಿ ತಿರುವಿನಲ್ಲೂ ಬ್ರಶ್ ಅವಳ ಬೆರಳ ನಡುವೆ ತಾನಾಗಿ ಹೊರಳಲು ಹೋಗುತ್ತಿತ್ತು. ಅವಳು ಉಗುರು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಹಿಡಿದು ಅದನ್ನು ತಡೆಯುತ್ತಿದ್ದಳು.

"ಬೇಕೂಂತ ಕೆಡಿಸ್ತಿದ್ದಾಳೆ ಇವಳು!" ಅಂತ ಕಿರುಚಿಬಿಟ್ಟೆ. "ಯಾಕೇ? ಯಾಕೆ ಹೀಗ್ಮಾಡ್ತಿದ್ದೀಯ?"

ಮಗಳು ಅಪ್ಪನನ್ನು ನೋಡಿದಳು. ಕಣ್ಣು ತುಂಬಿತ್ತು, ತುಟಿ ಬಿಗಿದಿತ್ತು. ಹಳೆಯ ಶಾಲೆಯ ಆ ಮೂಕ ಮುಖ ಮತ್ತೆ ಬಂದಿತ್ತು.

"ಸಾಕು ಬಟನ್, ಇಲ್ಲಿ ಕೊಡು" ಅಂದರು ನನ್ನ ಗಂಡ. ಬಂದು ಮೇಜಿನ ಮುಂದೆ ಮಂಡಿಯೂರಿದರು. ಜೇಬಿನಿಂದ ಕೈ ತೆಗೆದು, ಬ್ರಶ್ ಅದ್ದಿ, ಹಾಳೆಯ ಖಾಲಿ ಜಾಗದಲ್ಲಿ ಒಂದು ಗೆರೆ ಎಳೆದರು. ಗೆರೆ ಗರಗಸದ ಹಲ್ಲಿನ ಹಾಗೆ ಬಂತು. ತಡೆಯಲು ಎಡಗೈ ಕೊಟ್ಟರು. ಹಲ್ಲು ಇನ್ನೂ ದೊಡ್ಡದಾಯಿತು.

"ನನ್ನ ಕೈ ಇದು, ಮೇಷ್ಟ್ರೇ" ಅಂದರು. "ನಿಮ್ಮ ಗೇಟಿನ ಬೋರ್ಡಿಗೆ ಸೀಮೆಸುಣ್ಣದಲ್ಲಿ ಅಳತೆ ಹಾಕಿದ್ದು ನಾನು. ಅದೂ ಹೇಗೋ ಒದ್ದಾಡ್ಕೊಂಡು. ಬಣ್ಣ ಇವಳದ್ದು. ಬೀದಿಯ ಹೊಸ ಬೋರ್ಡುಗಳೆಲ್ಲ ಇವಳದ್ದೇ. ಇಲ್ಲಿ ಬರೆದ್ರೆ ಅದು ಎಲ್ಲರಿಗೂ ಗೊತ್ತಾಗುತ್ತೆ, ನನಗೆ ಕೆಲಸ ಸಿಗಲ್ಲ ಅಂತ ಇವಳ ಲೆಕ್ಕ. ಬರಿ ಅಂತ ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ."

ನಾನು ಅಲ್ಲಿದ್ದ ಮಕ್ಕಳ ಕುರ್ಚಿಯೊಂದರ ಮೇಲೆ ಕೂತೆ. ಅರ್ಧ ಲೋಟ ಟೀ. ತುಂಬಿದ್ದರೆ ಚೆಲ್ಲುತ್ತಿತ್ತು. ಕ್ಷೌರದಂಗಡಿ. ಮನೆಯಲ್ಲಾಗಿದ್ದರೆ ಕೆನ್ನೆ ಕೊಯ್ದುಕೊಳ್ಳುತ್ತಿದ್ದರು. ಒಂದೊಂದನ್ನೂ ಹಿಡಿದಿದ್ದೆ, ಒಂದನ್ನೂ ಬಿಟ್ಟಿರಲಿಲ್ಲ, ಎಲ್ಲವನ್ನೂ ತಪ್ಪಾಗಿ ಓದಿದ್ದೆ.

"ನನಗೂ ಹೇಳ್ಬಾರ್ದಿತ್ತೇನ್ರೀ?" ಅಂದೆ.

"ನಿನಗೆ ಹೇಗೆ ಹೇಳ್ಲಿ? ಕೆಟ್ಟಿದ್ದನ್ನ ಆರಿಸಿ ಆಚೆ ಹಾಕೋಳು ನೀನು" ಅಂದರು. ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಒಂದು ಮಾತು ತಿರುಗಿಸಿ ಅನ್ನಬಹುದಿತ್ತು.

ಮೇಷ್ಟ್ರು ಹೊಸ ಹಾಳೆ ಹಾಕಿದರು. ಮಗಳು ಕೈ ಹಿಂದೆ ಕಟ್ಟಿಕೊಂಡು, "ನಾನು ಬರೆಯಲ್ಲ. ಅಪ್ಪ ಸುಳ್ಳು ಹೇಳ್ತಿದ್ದಾರೆ. ಅಪ್ಪಾನೇ ಬರೆದದ್ದು" ಅಂದಳು.

"ಬರಿ ಕಂದಾ" ಅಂದರು ಅವಳಪ್ಪ. "ನನ್ನದು ಹೇಗೂ ಹೋಯ್ತು. ನಿನ್ನದನ್ನ ಕಳ್ಕೋಬೇಡ."

ಬರೆದಳು. ಅಳುತ್ತಾ, ಮೂಗನ್ನು ತೋಳಿಗೆ ಒರೆಸಿಕೊಳ್ಳುತ್ತಾ ಬರೆದಳು. ಕೈ ಮಾತ್ರ ಅಳಲಿಲ್ಲ. ಹೂಜಿಯ ಬಾಯಿಂದ ಬುಡದವರೆಗೆ ಒಂದೇ ಉಸಿರಿನ ಗೆರೆ ಇಳಿದು, ಕೊನೆಯಲ್ಲಿ ಹೊರಳಿ ತೆಳ್ಳಗಾಯಿತು. ಮೇಡಂ ಹೇಳಿದಂತೆ ತಪ್ಪೊಪ್ಪಿಕೊಂಡರು. ನನಗಲ್ಲ, ಮಗುವಿನ ಮುಂದೆ ಕೂತು, ಮಗುವಿಗೆ. ಸೀಟು ಉಳಿಯಿತು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಇನ್ನು ಮಗು ಬೋರ್ಡ್ ಬರೆಯೋ ಹಾಗಿಲ್ಲ. ನಿಮಗೆ ಅರ್ಥ ಆಗುತ್ತೆ ಅಂದ್ಕೋತೀನಿ" ಅಂದರು.

"ಆಗುತ್ತೆ ಮೇಡಂ" ಅಂದರು ಇವರು.

ಹೊರಗೆ ಬಂದೆವು. ಅಪ್ಪ ಮಗಳು ಕೈ ಹಿಡಿದು ಮುಂದೆ, ನಾನು ಹಿಂದೆ. ಗೇಟಿನಲ್ಲಿ ವಾಚ್‌ಮನ್ ಎದ್ದು ನಿಂತು, "ಪೇಂಟರ್ ಸಾರ್, ನನ್ನ ಭಾಮೈದ ಸೈಕಲ್ ಶಾಪ್ ಇಡ್ತಿದ್ದಾನೆ. ಬೋರ್ಡು ನಿಮ್ಮ ಕೈಯಲ್ಲೇ ಆಗಬೇಕಂತೆ" ಅಂದ.

ಇಂಥ ಮಾತಿಗೆ ಇಷ್ಟು ದಿನ "ಆಗ್ಲಿ, ಮಾಡೋಣ" ಅನ್ನುತ್ತಿದ್ದವರು. ಈ ಸಲ ನಾನೇ ಏನಾದರೊಂದು ನೆಪ ಹೇಳಿ ಅವರನ್ನು ಪಾರು ಮಾಡಬೇಕು ಅಂತ ಮುಂದೆ ಬಂದೆ. ಅಷ್ಟರಲ್ಲಿ ಅವರೇ ಹೇಳಿದರು. "ಇಲ್ಲಪ್ಪ. ಕೈ ನಡುಗುತ್ತೆ. ಇನ್ನು ಬರೆಯೋಕಾಗಲ್ಲ."

ವಾಚ್‌ಮನ್ ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. ನಾನು ಅಪ್ಪ ಮಗಳ ಕೈ ನೋಡಿದೆ. ಅಪ್ಪನ ಕೈ ಜೋರಾಗಿ ನಡುಗುತ್ತಿತ್ತು, ಅದನ್ನು ಹಿಡಿದಿದ್ದ ಮಗಳ ಕೈಯೂ ಮೊಣಕೈವರೆಗೆ ಅದರ ಜೊತೆಗೇ ಅದುರುತ್ತಿತ್ತು. ಅವಳು ಬಿಡಲಿಲ್ಲ.