ಹುಲಿಗೆಪ್ಪನ ಆಧಾರ ಕಾರ್ಡು

"ಏ ಕಸ್ತೂರಿ, ಓದಾಕ ಬರತೈತೇನ ನಿನಗ? ಇಲ್ಲಂದ್ರ ಹೊರಗ ನಿಂದ್ರು. ಇದು ಲೈಬ್ರರಿ, ಸಂತಿ ಅಲ್ಲ."

ಗ್ರಂಥಾಲಯದ ಮೇಲ್ವಿಚಾರಕ ಗವಿಸಿದ್ದೇಶ ಬಾಗಿಲಿಗೆ ಅಡ್ಡ ಕೈ ಚಾಚಿದ್ದ. ಅವ್ವನ ಒಂದು ಕಾಲು ಹೊಸ್ತಿಲ ಒಳಗಿತ್ತು, ಒಂದು ಹೊರಗೆ. ನಾನು ಅವಳ ಬೆನ್ನಿಗೇ ನಿಂತಿದ್ದೆ. ಗೋವಿನಜೋಳದ ಹೊಲದಲ್ಲಿ ಕಸ ತೆಗೆಯುತ್ತಿದ್ದವಳು ಅರ್ಧಕ್ಕೇ ಎದ್ದು ಬಂದಿದ್ದಳು. ಪಾದದ ಎರೆಮಣ್ಣು ಇನ್ನೂ ಒಣಗಿರಲಿಲ್ಲ.

"ಓದಾಕ ಬಂದಿಲ್ರಿ. ಗದಗಿನ ಬಾಯಾರು ಬಂದಾರಂತಲ್ಲ, ನಮ್ಮ ವಿದ್ಯಾಶ್ರೀದು ಹಾಸ್ಟೆಲ್ ಅರ್ಜಿ ಹಾಕೋದೈತಿ. ಇವತ್ತ ಕಡೀ ದಿನ."

ಗದಗಿನ ಬಾಯಾರು ಅಂದರೆ ಮೆಹನಾಜ. ಬೆಟಗೇರಿಯವರು, ಸಮಾಜ ಕಾರ್ಯ ಓದಿದವರು. ಪಿಂಚಣಿ, ಹಾಸ್ಟೆಲ್ಲು, ಗಂಡನ ಹೊಡೆತ, ಯಾವ ಗೋಳಿದ್ದರೂ ಕೇಳಿಸಿಕೊಂಡು ದಾರಿ ತೋರಿಸಲೆಂದು ಅವರನ್ನು ಪ್ರತಿ ಮಂಗಳವಾರ ನಮ್ಮೂರ ಗ್ರಂಥಾಲಯಕ್ಕೆ ಕಳಿಸುತ್ತಿದ್ದರು. ಇದು ಮೂರನೆಯ ಮಂಗಳವಾರ. ಮೊದಲಿನ ಎರಡು ವಾರ ನಮ್ಮ ಕೇರಿಯವರು ಅವರನ್ನು ಕಿಟಕಿಯಿಂದ ನೋಡಿ ಹೋಗಿದ್ದರು, ಅಷ್ಟೆ.

ಫ್ಯಾನಿನ ಕೆಳಗೆ ಪೇಪರು ಹಿಡಿದು ಕೂತಿದ್ದ ಕುಬೇರಪ್ಪ ಗೌಡ ತಲೆ ಎತ್ತಲಿಲ್ಲ. ಗ್ರಂಥಾಲಯದ ಜಾಗ ಅವನು ದಾನ ಕೊಟ್ಟಿದ್ದು. ಆ ಫ್ಯಾನೂ ಆ ಕುರ್ಚಿಯೂ ದಿನಾ ಅವನವೇ.

"ಲೈಬ್ರರಿ ಅಂದ್ರ ಗುಡಿ ಇದ್ದಂಗ, ಕಸ್ತೂರಿ. ಕಂಡಕಂಡವರು ಒಳಗ ಬಂದ್ರ ಸರಸ್ವತಿ ನಿಂದರತಾಳೇನು?" ಅಂದ ಕುಬೇರಪ್ಪ.

"ಗುಡಿಗೇ ಬಿಟ್ಟಾಕಿ ಅದೀನಲ್ರಿ ನಾನು," ಅಂದಳು ಅವ್ವ. "ನನಗ ಮುತ್ತು ಕಟ್ಟೋ ದಿನ ಟೆಂಗಿನಕಾಯಿ ಒಡದಾಂವ ನಿಮ್ಮಪ್ಪ. ಅವತ್ತ ಒಳಗ ನಡಿ ಅಂದ್ರಿ. ಇವತ್ತ ಹೊರಗ ನಿಂದ್ರು ಅಂತೀರಿ."

ಮೂಲೆಯಲ್ಲಿ ಯಾರೋ ಕೆಮ್ಮಿದರು. ಮೆಹನಾಜ ಎದ್ದು ಬಂದು ಗವಿಸಿದ್ದೇಶನ ಕೈ ಸರಿಸಿದರು. "ಅಕ್ಕಾ, ಬರ್ರಿ. ಕುಂಡ್ರಿ."

ಅವ್ವ ರೂಢಿಯಂತೆ ನೆಲಕ್ಕೆ ಕೂರಲು ಬಗ್ಗಿದಳು. ನಾನು ರಟ್ಟೆ ಹಿಡಿದು ಎತ್ತಿ ಕುರ್ಚಿಯಲ್ಲಿ ಕೂರಿಸಿದೆ. ತುದಿಗೆ ಕೂತಳು, ಬಸ್ಸಿನಲ್ಲಿ ಪರರ ಸೀಟಿನಲ್ಲಿ ಕೂತವಳ ಹಾಗೆ.

"ಮೆಲ್ಲಕ ಹೇಳ್ರಿ, ನನಗ ಕೇಳತೈತಿ," ಅಂದರು ಮೆಹನಾಜ. ಆದರೆ ಆ ಕೋಣೆಯಲ್ಲಿ ಎಷ್ಟು ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳುತ್ತಿತ್ತು. ಹತ್ತು ಮಂದಿ ಗಂಡಸರು ಪೇಪರು ಹಿಡಿದಿದ್ದರು. ಒಬ್ಬನೂ ಪುಟ ತಿರುವಲಿಲ್ಲ.

ನನ್ನಪ್ಪ ಯಾರು ಎಂದು ಕೇಳಿದಾಗಲೆಲ್ಲ ನನ್ನ ಅಜ್ಜಿ, ಮುದುಕವ್ವ ಆಯಿ, ಒಂದು ಕಥೆ ಹೇಳುತ್ತಿದ್ದಳು. ಒಮ್ಮೆ ಅವನು ತುಂಗಭದ್ರೆಯ ಮಡುವಿನಲ್ಲಿರುವ ಮೀನಿನ ರಾಜ, ಒಮ್ಮೆ ಕಪ್ಪತಗುಡ್ಡದ ಗಾಳಿ. ಗಾಳಿಯ ಮಗಳಾಗಿ ನಾನು ಎಷ್ಟು ಹೊಲಗಳ ಮೇಲೆ ಹಾರಿದ್ದೇನೋ ಲೆಕ್ಕವಿಲ್ಲ. ಶಾಲೆಯ ಮಾಸ್ತರರು ಮಾತ್ರ ಕಥೆ ಕೇಳಲಿಲ್ಲ. ಹುಲಿಗೆಮ್ಮನಿಗೆ ದೇವದಾಸಿಯಾಗಿ ಬಿಟ್ಟವಳ ಮಗಳು ತಾನೇ ಎಂದು, ತಂದೆ ಹುಲಿಗೆಪ್ಪ ಅಂತ ಬರೆದುಕೊಂಡರು. ಕೇರಿಯ ಆರು ಮಕ್ಕಳಿಗೆ ಅವನೇ ಅಪ್ಪ.

ಈಗ ಮೆಹನಾಜರ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದ ಹಾಸ್ಟೆಲ್ಲಿನ ಅರ್ಜಿ ಆ ಅಪ್ಪನ ಆಧಾರ ಕಾರ್ಡು ಕೇಳುತ್ತಿತ್ತು. ಹಾಸ್ಟೆಲ್ಲು ಸಿಗದಿದ್ದರೆ ನನ್ನ ಕಾಲೇಜು ಇಲ್ಲ. ನಾಳೆಯಿಂದ ಅವ್ವನ ಪಕ್ಕದ ಸಾಲು ನನ್ನದು.

"ದಾಖಲೆ ಕೇಳಾಕ ಚಾವಡಿಗೆ ಹೋದ್ರ ತಲಾಠಿ ನಕ್ಕು ಕಳಿಸಿದ್ರಿ. ಹುಲಿಗೆಪ್ಪನ ಕರಕೊಂಬಾ ಅಂದ್ರು," ಎಂದಳು ಅವ್ವ.

ಪೇಪರಿನ ಹಿಂದಿನಿಂದ ಕುಬೇರಪ್ಪ ಅಂದ: "ಬೆರಳಚ್ಚು ಬೇಕಾಗತೈತಿ ನೋಡ್ರಿ ಮೇಡಂ. ಹುಲಿ ಪಂಜಾ!"

ಎಲ್ಲರೂ ನಕ್ಕರು.

"ಯಾಕ ತ್ರಾಸ ತಗೋತೀರಿ? ತಂದಿ ಹೆಸರು, ಊರ ಮಂದಿ ಅಂತ ಬರೀರಿ. ಸುಳ್ಳೂ ಆಗಂಗಿಲ್ಲ," ಎಂದು ಅವನೇ ಮುಂದುವರಿಸಿದ.

ಅವ್ವ ಪಿಸುಮಾತು ಬಿಟ್ಟಳು. ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗುವ ದನಿಯಲ್ಲಿ ಅಂದಳು:

"ಹೆಸರು ಗೊತ್ತೈತಿ ನನಗ. ಬರೀರಿ ಬಾಯಾರ. ತಂದಿ, ಕುಬೇರಪ್ಪ."

"ಸೂಳಿ ಮಗಳ! ನಾಲಿಗಿ ಸೀಳತೀನಿ!" ಕುಬೇರಪ್ಪನ ಕುರ್ಚಿ ಹಿಂದಕ್ಕೆ ಉರುಳಿತು. "ಸಾಕ್ಷಿ ಯಾರದಾರಲೇ?"

ಅವ್ವ ಒಬ್ಬೊಬ್ಬರನ್ನೇ ನೋಡಿದಳು. ಪೇಪರುಗಳು ಒಂದೊಂದಾಗಿ ಮುಖದ ಮೇಲೆ ಏರಿದವು. ಗವಿಸಿದ್ದೇಶ ಗೋಡೆಯ 'ಶಬ್ದ ಮಾಡಬಾರದು' ಬೋರ್ಡನ್ನು ಬಡಿದು ತೋರಿಸಿದ, ಅವ್ವನಿಗೆ.

ಮೆಹನಾಜ ನನ್ನತ್ತ ಬಾಗಿದರು. "ಆ ಹೆಸರು ಹಾಕಿದ್ರ ಅವರ ಆಧಾರ ಕೇಳತೈತಿ, ಅರ್ಜಿ ನಿಂದರತೈತಿ. 'ತಾಯಿ ಒಬ್ಬರೇ' ಅಂತ ಇನ್ನೊಂದು ಕಡೆ ಒತ್ತಾಕ ಬರತೈತಿ. ಹಂಗ ಮಾಡಿದ್ರ ಈಗ ಹೋಗತೈತಿ. ಅರ್ಜಿ ನಿನ್ನದವ್ವಾ. ಏನ ಮಾಡೂಣು?"

ಹದಿನಾರು ವರ್ಷ ಬಾಯೊಳಗೇ ಇಟ್ಟುಕೊಂಡಿದ್ದ ಹೆಸರನ್ನು ಅವ್ವ ಈಗ ತಾನೇ ಹೊರಗೆ ಹಾಕಿದ್ದಳು.

"ತಾಯಿ ಒಬ್ಬರೇ ಅಂತ ಒತ್ರಿ," ಅಂದೆ.

ಕೆನ್ನೆಗೆ ಏಟು ಬಿದ್ದವಳ ಹಾಗೆ ಅವ್ವ ನನ್ನನ್ನು ನೋಡಿದಳು. ಕುಬೇರಪ್ಪ ಕುರ್ಚಿ ಎತ್ತಿಟ್ಟು ಕೂತ. "ನೋಡು, ಹಡದ ಮಗಳಿಗೇ ನಂಬಿಕಿ ಇಲ್ಲ."

ಅರ್ಜಿ ಹೋಯಿತು. ಮೆಹನಾಜ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರು. ನಾವು ಬಾಗಿಲಿಗೆ ಬಂದಾಗ ಗವಿಸಿದ್ದೇಶ ಉದ್ದನೆಯ ಹಾಜರಿ ಪುಸ್ತಕವನ್ನು ನನ್ನ ಎದೆಗೆ ಒತ್ತಿದ.

"ಪುಗಸಟ್ಟೆ ಬಂದು ಹೊಂಟೀರೇನು? ಒಳಗ ಬಂದವರೆಲ್ಲ ಬರೀಬೇಕು. ಹೆಸರು, ತಂದಿ ಹೆಸರು, ಬಂದ ಹೊತ್ತು, ಹೋದ ಹೊತ್ತು. ತಂದಿ ಹೆಸರು ಖಾಲಿ ಬಿಡಬ್ಯಾಡ ಮತ್ತ, ಸಾಹೇಬ್ರು ನೋಡತಾರ."

ಹಿಂದೆ ಮತ್ತೆ ನಗು.

ಬಾಗಿಲ ಬದಿಯ ಮೇಜಿನ ಮೇಲೆ ಪುಸ್ತಕ ಬಿಚ್ಚಿದೆ. ಪುಟದ ಮೊದಲ ಸಾಲಿನಲ್ಲಿ ಕುಬೇರಪ್ಪನ ಸಹಿ ಇತ್ತು. ನಾನು ಕೊನೆಯ ಸಾಲಿನಲ್ಲಿ ದುಂಡಗೆ ಬರೆದೆ, ಅಡಿಯ ಪುಟಕ್ಕೂ ಮೂಡುವಂತೆ ಒತ್ತಿ ಬರೆದೆ. ವಿದ್ಯಾಶ್ರೀ. ತಂದೆ, ಕುಬೇರಪ್ಪ.

"ಏನ ಬರದಿ?" ಅವ್ವ ಕೇಳಿದಳು.

ಗಟ್ಟಿಯಾಗಿ ಓದಿದೆ. ಅವಳು ಮೇಜಿನ ಮೇಲಿದ್ದ ಶಾಯಿಯ ಡಬ್ಬಿ ಎಳೆದುಕೊಂಡು, ನಾನು ಬರೆದ ಸಾಲಿನ ಪಕ್ಕ ಹೆಬ್ಬೆಟ್ಟು ಒತ್ತಿದಳು.

ಗವಿಸಿದ್ದೇಶ ಬಗ್ಗಿ ನೋಡಿ ಬೆವರಿದ. ಕುಬೇರಪ್ಪ ದಡದಡ ಬಂದ. "ಹರಿ ಅದನ್ನ!"

"ಪುಟಕ್ಕ ನಂಬರ ಐತ್ರಿ ಗೌಡ್ರ. ಪಂಚಾಯ್ತಿ ಸಿಕ್ಕಾ ಐತಿ. ನಿಮ್ಮ ಸಹಿನೂ..." ಅಂದ ಗವಿಸಿದ್ದೇಶ.

ಕುಬೇರಪ್ಪ ಆ ಸಾಲಿನ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದ. ಒಳಗೆ ಒಬ್ಬೊಬ್ಬರೇ ಪೇಪರು ಮಡಚಿದರು. ಎದ್ದರು. ಅವನ ಬೆನ್ನ ಹಿಂದೆ ಸಾಲಾಗಿ ಬಂದು ನಿಂತರು.

"ಗೌಡ್ರ," ಅಂದ ಮೊದಲಿನವ, "ಸ್ವಲ್ಪ ಕೈ ತಗೀರಿ. ನಮ್ಮ ಹೆಸರೂ ಅದ ಪುಟದಾಗ ಅದಾವ, ಹೋಗೋ ಹೊತ್ತು ಬರೀಬೇಕು."